ಮೀಸಲು ರೊಟ್ಟಿ ಇಟಲಿಗೆ ಹೋದದ್ದು

ಕೊಣ್ಣೂರು

ನಮ್ಮ ಮನೆಯಲ್ಲಿ ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ನಾನು ಒಂದು ದಿನವೂ ತಿಂದವನಲ್ಲ. ಅದು ನನ್ನ ಅಣ್ಣ ಯಲ್ಲಪ್ಪನದು. ಅಣ್ಣ ಬೆಳಗಾವಿಗೆ ಹೋಗಿ ಪಲ್ಟನ್ ಸೇರಿ, ಹಡಗು ಹತ್ತಿ, ಇಟಲಿ ದೇಶದ ಒಂದು ಹೊಳೆಯ ದಂಡೆಯಲ್ಲಿ ಸತ್ತು ಹತ್ತು ವರ್ಷದ ಮೇಲಾಗಿತ್ತು. ಸತ್ತನೆಂದು ಸರಕಾರ ತಿಳಿಸಿತು, ಊರು ಒಪ್ಪಿತು, ನಾನೂ ಒಪ್ಪಿದೆ. ಅವ್ವ ಮಾತ್ರ ಒಪ್ಪಲಿಲ್ಲ. "ಮಾರಿ ನೋಡದ ಹ್ಯಾಂಗ ಅಳಲಿ?" ಎಂದವಳು ಅಳಲೇ ಇಲ್ಲ. ದಿನಾ ಮುಂಜಾನೆ ಮೊದಲ ರೊಟ್ಟಿಗೆ ಎಳ್ಳು ಹಚ್ಚಿ ಬಡಿದು, ಬೇಯಿಸಿ, ದೇವರ ಗೂಡಿನಲ್ಲಿ ಅಣ್ಣನ ಮೀಸಲು ಎಂದು ಎತ್ತಿಡುವಳು. ಸಂಜೆಗೆ ಅದನ್ನು ಎತ್ತಿಗೆ ತಿನ್ನಿಸುವಳು. ನನಗೆ ಎರಡನೆಯ ರೊಟ್ಟಿಯಿಂದ ಲೆಕ್ಕ ಶುರು. ಎಳ್ಳು ನನಗೆ ಸೇರುವುದಿಲ್ಲ, ಹಲ್ಲಿನ ಸಂದಿಗೆ ಸಿಕ್ಕು ಪ್ರಾಣ ತಿನ್ನುತ್ತದೆ. ಆದರೂ ಆ ಎಳ್ಳಿನ ಮೇಲೆ ನನ್ನ ಕಣ್ಣಿತ್ತು. ಮಗನಿಗೂ ಎತ್ತಿಗೂ ನಡುವೆ ಅವ್ವ ಎತ್ತನ್ನು ಆರಿಸಿದಳಲ್ಲ ಎಂಬ ಉರಿ ಹೊಟ್ಟೆಯಲ್ಲಿ ಎಂದೂ ಆರಲಿಲ್ಲ.

ಅವನು ಅವಳ ಬಾಯಲ್ಲಿ ಯಾವಾಗಲೂ "ನನ್ನ ಯಲ್ಲಪ್ಪ". ಹೊಲ ನೋಡಿಕೊಂಡು, ಅವಳ ಕಾಲಿಗೆ ಎಣ್ಣೆ ಹಚ್ಚಿ, ದವಾಖಾನೆಗೆ ಬಂಡಿ ಕಟ್ಟುವ ನಾನು "ಏ ಹಣಮ್ಯಾ".

ನಾನು ಆಗ ನರಗುಂದದಲ್ಲಿ ಒಬ್ಬ ಸಾಹುಕಾರರ ಜಿನ್ನಿನಲ್ಲಿ, ಅರಳೆಯಿಂದ ಬೀಜ ಬಿಡಿಸುವ ಗಿರಣಿಯಲ್ಲಿ, ತೂಕದ ಕೆಲಸಕ್ಕೆ ದಿನಾ ಹೋಗಿ ಬರುತ್ತಿದ್ದೆ. ಅವರಿಗೆ ಇಟಲಿಗೇ ಹೋಗಿ ಆ ಬೀಜದಿಂದ ಎಣ್ಣೆ ತೆಗೆಯುವ ಯಂತ್ರ ನೋಡಿ ಬರಬೇಕೆಂಬ ಹುಕಿ ಬಂತು. ಅವರಿಗೆ ಇಂಗ್ಲಿಷು ಬಾರದು. ನನಗೆ ಮ್ಯಾಟ್ರಿಕ್ ಮಟ್ಟಿಗೆ ಬರುತ್ತಿತ್ತು. ಹೀಗೆ ನನ್ನ ದೈವ ತೆರೆಯಿತು. ನರಗುಂದದ ಪೇಟೆಯಲ್ಲಿ ಕಂಡ ಕಂಡವರಿಗೆಲ್ಲ ಹೇಳಿಕೊಂಡು ಬಂದೆ. ನಮ್ಮ ಮನೆತನದಲ್ಲಿ ಸಮುದ್ರ ದಾಟುವವನು ನಾನೇ ಮೊದಲಿಗ ಎಂದು ಎದೆ ಉಬ್ಬಿಸಿ ಅವ್ವನ ಮುಂದೆ ನಿಂತೆ.

"ಯಲ್ಲಪ್ಪ ಆಗಳ ಹೋಗ್ಯಾನಲ್ಲೋ," ಎಂದಳು.

ಅದೂ ಹೋಯಿತು. ಹೊರಡುವ ಮುಂಜಾನೆ ನನ್ನ ಪಾಲಿಗೆ ಒಂದು ದೊಡ್ಡ ಅಟ್ಟಿ ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ಆಮೇಲೆ ತನ್ನ ಹಳೆಯ ಗಜೇಂದ್ರಗಡದ ಸೀರೆಯ ತುಂಡಿನಲ್ಲಿ ಸುತ್ತಿದ, ಎಳ್ಳು ಹಚ್ಚಿದ ಒಂದೇ ಒಂದು ಖಡಕ್ ರೊಟ್ಟಿಯನ್ನು ಬೇರೆಯಾಗಿ ಕೈಗಿಟ್ಟಳು.

"ಇದು ಯಲ್ಲಪ್ಪಂದು. ಹಾದ್ಯಾಗ ಮುರೀಬ್ಯಾಡ. ಅಂವ ಅಲ್ಲಿ ಇದ್ದರ ತಿಂತಾನ. ಇಲ್ಲಂದ್ರ ನಿನ್ನ ಕಣ್ಣಿಲೆ ನೋಡಿ ಬಂದು ಇಲ್ಲ ಅಂತ ಹೇಳು. ನೀ ಹೇಳಿದ್ರ ನಂಬತೀನಿ."

ನನ್ನ ಮಾತನ್ನು ಅವ್ವ ನಂಬುತ್ತೇನೆ ಎಂದದ್ದು ಅದೇ ಮೊದಲು. ಅದೂ ಅಣ್ಣನ ಸಲುವಾಗಿ.

ಜಿನೋವಾ ಬಂದರು

ಹಡಗಿನ ವರ್ಣನೆ ಮಾಡುವುದಿಲ್ಲ. ಸಾಹುಕಾರರು ಮುಂಬಯಿಯಿಂದ ಜಿನೋವಾದವರೆಗೆ ಕಣ್ಣು ಮುಚ್ಚಿಕೊಂಡೇ ಬಂದರು, ನಾನು ರೊಟ್ಟಿ ಕಾಯುತ್ತ ಬಂದೆ.

ಬಂದರಿನಲ್ಲಿ ಸುಂಕದವನು ನನ್ನ ಟ್ರಂಕು ತೆಗೆಸಿದ. ಖಡಕ್ ರೊಟ್ಟಿಯ ಅಟ್ಟಿಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಅದು ಟಕ್ ಟಕ್ ಎಂದಿತು. ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ಬಡಿದರು. ತಿನ್ನುವ ವಸ್ತುವೆಂದು ನಾನು ಒಂದನ್ನು ಅವರೆದುರೇ ಮುರಿದು ಕರುಂ ಕರುಂ ತಿಂದು ತೋರಿಸಿದೆ. ನಂಬುವಂತೆ ಕಂಡಿತು. ಅಷ್ಟರಲ್ಲಿ ಅವನ ಕಣ್ಣು ನನ್ನ ಬಗಲಲ್ಲಿದ್ದ ಸೀರೆಯ ಗಂಟಿನ ಮೇಲೆ ಬಿತ್ತು. ನಾನು ಅದನ್ನು ಎದೆಗೆ ಅವುಚಿಕೊಂಡೆ. ಅವುಚಿಕೊಂಡದ್ದೇ ತಪ್ಪಾಯಿತು. ಮೂರನೆಯವನು ಬಂದ.

"ಏ ಹಣಮಂತಾ, ಕೊಟ್ಟ ಬಿಡೋ ಮಾರಾಯಾ, ಜೇಲಿಗೆ ಹಾಕ್ಯಾರು," ಎಂದು ಸಾಹುಕಾರರು ಬೆವೆತರು.

ಗಂಟು ಬಿಚ್ಚಿದರು. ಒಳಗೆ ಇನ್ನೊಂದು ರೊಟ್ಟಿ. ಸುಂಕದವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ, ಎಳ್ಳಿನೊಳಗೆ ವಜ್ರ ಹುದುಗಿದೆಯೋ ಎಂಬಂತೆ ನೋಡಿದ. ಕಡೆಗೆ ನಕ್ಕು ಮರಳಿ ಕೊಟ್ಟ. ನನ್ನ ಅಟ್ಟಿಯನ್ನು ಯಾರೂ ಬೆಳಕಿಗೆ ಎತ್ತಿ ನೋಡಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಮಿಲಾನೊ

ಊಟದ ಯಾವ ತಟ್ಟೆಯಲ್ಲಿ ಯಾವ ಪ್ರಾಣಿ ಅಡಗಿದೆಯೋ ಎಂಬ ಅಂಜಿಕೆಯಿಂದ ಸಾಹುಕಾರರು ಹಾಲು, ಹಣ್ಣುಗಳ ಮೇಲೆ ದಿನ ತಳ್ಳಿದರು. ನನ್ನ ಅಟ್ಟಿಯನ್ನು ಇಬ್ಬರೂ ಕೂಡಿ ಮುಗಿಸಿದೆವು. ಯಂತ್ರ ನೋಡಿದ್ದಾಯಿತು, ಕಾರಖಾನೆಯವರ ಸಂಗಡ ಕೈ ಕುಲುಕಿದ್ದಾಯಿತು. ಒಂದು ಮಧ್ಯಾಹ್ನ ಸಾಹುಕಾರರ ದೃಷ್ಟಿ ಸೀರೆಯ ಗಂಟಿನ ಮೇಲೆ ನೆಟ್ಟಿತು.

"ಒಂದ ತುಂಡ ಕೊಡೋ. ಸತ್ತವ್ರು ತಿಂತಾರೇನು?"

"ಮೀಸಲ್ರೀ ಅದು. ನಾನೂ ಮುಟ್ಟಿಲ್ರಿ."

"ನಿಮ್ಮವ್ವಗ ಏನ್ ತಿಳೀತದ? ಊರಿಗೆ ಹೋಗಿ ತಿಂದ ಅಂತ ಹೇಳು, ಆತು."

ನಾನು ಕೊಡಲಿಲ್ಲ. ಭಕ್ತಿಯಿಂದಲ್ಲ. ಇಷ್ಟು ವರ್ಷ ನನಗೆ ಸಿಗದದ್ದು ಸಾಹುಕಾರರಿಗೆ ಹ್ಯಾಗೆ ಸಿಕ್ಕೀತು ಎಂಬ ಹೊಟ್ಟೆಕಿಚ್ಚಿನಿಂದ. ಅವರು ನಿಟ್ಟುಸಿರು ಬಿಟ್ಟು, "ಹೋಗಿ ನಿಮ್ಮಣ್ಣನ್ನ ನೋಡಿ ಲಗೂ ಬಾ. ನಾ ಇಲ್ಲೇ ಹಾಲ ಕುಡಕೋತ ಇರ್ತೀನಿ," ಎಂದು ರಜೆ ಕೊಟ್ಟರು.

ಲಾಂಚಾನೊ

ಸಮುದ್ರದ ಅಂಚಿಗೇ ಓಡಿದ ರೈಲು ಇಳಿದು, ಇನ್ನೊಂದು ಸಣ್ಣ ರೈಲಿನಲ್ಲಿ ಗುಡ್ಡ ಹತ್ತಿದರೆ ಲಾಂಚಾನೊ. ಅಲ್ಲಿಂದ ಕೆಳಗೆ ಸಾಂಗ್ರೊ ಹೊಳೆ. ಸರಕಾರದ ಕಾಗದದಂತೆ ಅಣ್ಣ ಸತ್ತ ಜಾಗ ಅದೇ. ಹೊಳೆಗೆ ಹೋಗುವ ದಾರಿ ಕೇಳೋಣವೆಂದೂ ಗಡ್ಡ ಬೆಳೆದದ್ದರಿಂದಲೂ ಒಂದು ಕ್ಷೌರದಂಗಡಿ ಹೊಕ್ಕೆ. ಕ್ಷೌರಿಕ ನನ್ನ ಮುಖ ನೋಡಿದವನೇ "ಹಿಂದುಸ್ತಾನ್?" ಎಂದು ಕತ್ತಿ ಎತ್ತಿದ. ನಾನು ಕುರ್ಚಿಯಲ್ಲೇ ಕುಗ್ಗಿದೆ.

ಹೆದರಬೇಕಾಗಿರಲಿಲ್ಲ. ದೊನಾತೊ ಎಂಬ ಈ ಪುಣ್ಯಾತ್ಮ ಯುದ್ಧದಲ್ಲಿ ಸೆರೆಸಿಕ್ಕು, ಬೆಂಗಳೂರಿನ ಹತ್ತಿರ ಕೈದಿಗಳ ಬಿಡಾರದಲ್ಲಿ ವರ್ಷಗಟ್ಟಲೆ ಇದ್ದವನು. ಹಿಂದಿ, ಇಂಗ್ಲಿಷು, ತನ್ನ ಭಾಷೆ ಮೂರನ್ನೂ ಕಲಸಿ ಮಾತಾಡುತ್ತಿದ್ದ. ಉಳಿದದ್ದಕ್ಕೆ ಕೈ ಬಳಸುತ್ತಿದ್ದ. ಕೈಯಲ್ಲಿ ಕತ್ತಿ ಇದ್ದದ್ದರಿಂದ ನಾನು ಬಹಳ ಲಕ್ಷ್ಯವಿಟ್ಟು ಕೇಳಿದೆ. ಅವನ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅಣ್ಣನ ಸಂಗತಿ ಹೇಳಿ ಹೊಳೆಯ ದಾರಿ ಕೇಳಿದೆ.

"ಹೊಳೆ ಎಲ್ಲಿ ಓಡಿ ಹೋಗ್ತದ? ಮೊದಲು ನಮ್ಮೂರಿನ ದೇವರನ್ನ ನೋಡು," ಎಂದು ಅರ್ಧ ಗಡ್ಡಕ್ಕೆ ಕಥೆ ಶುರು ಮಾಡಿದ.

ಇವರ ಗುಡಿಯಲ್ಲಿ ಗೋದಿಯ ಹಿಟ್ಟಿನ ತೆಳ್ಳನೆಯ ಬಿಲ್ಲೆಯೊಂದನ್ನೂ ಒಂದು ಬಟ್ಟಲು ದ್ರಾಕ್ಷಾರಸವನ್ನೂ ಇಟ್ಟು ಪಾದ್ರಿ ಮಂತ್ರ ಹೇಳುತ್ತಾನೆ. ಆಗ ಅದು ನೋಡಲು ರೊಟ್ಟಿಯೇ ಆದರೂ ಏಸುವಿನ ಶರೀರವಾಗುತ್ತದೆ, ರಸ ರಕ್ತವಾಗುತ್ತದೆ ಎಂದು ಇವರ ನಂಬಿಕೆ. ಸಾವಿರ ವರ್ಷಕ್ಕೂ ಹಿಂದೆ ಇದೇ ಊರಿನಲ್ಲಿ ಒಬ್ಬ ಸನ್ಯಾಸಿಗೆ ಸಂಶಯ ಬಂತಂತೆ. ಇದು ಖರೇನೇ ದೇವರೋ, ಬರೀ ರೊಟ್ಟಿಯೋ ಎಂದು. ಮಂತ್ರ ಹೇಳುತ್ತಿದ್ದ ಅವನ ಕೈಯಲ್ಲೇ ಬಿಲ್ಲೆ ಮಾಂಸವಾಯಿತಂತೆ, ರಸ ರಕ್ತವಾಗಿ ಹೆಪ್ಪುಗಟ್ಟಿತಂತೆ. ಅದು ಇವತ್ತಿಗೂ ಇದೆ.

ಅಂಗಡಿ ಮುಚ್ಚಿ ನನ್ನನ್ನು ಎಳೆದುಕೊಂಡೇ ಹೋದ. ಗುಡಿಯ ಒಳಗೆ ತಂಪು, ಮೇಣದ ವಾಸನೆ. ವೇದಿಕೆಯ ಹಿಂದಿನ ಮೆಟ್ಟಿಲು ಹತ್ತಿದೆವು. ಸೊಂಟಕ್ಕೆ ಹಗ್ಗ ಕಟ್ಟಿದ ಒಬ್ಬ ಮುದಿ ಸನ್ಯಾಸಿ ಹಿಂದಿನಿಂದ ದೀಪ ಹಿಡಿದ. ಬೆಳ್ಳಿಯ ಚೌಕಟ್ಟಿನ ಗಾಜಿನೊಳಗೆ ಅಂಗೈಯಗಲದ ಕಂದು ಬಣ್ಣದ ಒಂದು ಚಕ್ರ. ನಡುವೆ ತೂತು ಬಿದ್ದಿದೆ. ದೀಪದ ಬೆಳಕು ಹಾಯ್ದಾಗ ಅಂಚು ನಸುಗೆಂಪಾಯಿತು. ಕೆಳಗೆ ಗಾಜಿನ ಬಟ್ಟಲಿನಲ್ಲಿ ಒಣಗಿದ ಮಣ್ಣಿನ ಹೆಂಟೆಯಂಥ ಐದು ಗಡ್ಡೆ.

ನನಗೆ ಭಕ್ತಿ ಬರಲಿಲ್ಲ. ಸಾವಿರ ವರ್ಷದ ಹಿಂದಿನ ಆ ಸನ್ಯಾಸಿಯ ಮೇಲೆ ಹೊಟ್ಟೆ ಉರಿಯಿತು. ಸಂಶಯಪಟ್ಟವನಿಗೆ ದೇವರು ಇಷ್ಟು ದೊಡ್ಡ ಉಪಚಾರ ಮಾಡಿದ. ಅವನ ಸಂಗಡ ಅದೇ ಗುಡಿಯ ಕಸ ಹೊಡೆದುಕೊಂಡು, ತಕರಾರಿಲ್ಲದೆ ನಂಬಿಕೊಂಡು ಬಿದ್ದವರು ಎಷ್ಟು ಮಂದಿ ಇದ್ದರೋ. ಅವರಿಗೆ ಏನು ಸಿಕ್ಕಿತು? ಎರಡನೆಯ ರೊಟ್ಟಿ.

ಮುದಿ ಸನ್ಯಾಸಿ ಐದು ಗಡ್ಡೆಗಳ ಕಡೆ ಬೆರಳು ಮಾಡಿ ಏನೋ ಹೇಳಿದ. ದೊನಾತೊ ತಿಳಿಸಿದ: ಹಿಂದೆ ಒಮ್ಮೆ ಇವನ್ನು ತೂಗಿದರಂತೆ. ಐದನ್ನೂ ಕೂಡಿಸಿ ಇಟ್ಟರೂ, ಒಂದನ್ನೇ ಇಟ್ಟರೂ ತಕ್ಕಡಿ ಒಂದೇ ತೂಕ ತೋರಿಸಿತಂತೆ.

"ನಂಬಿಕೆ ಬರೂದಿಲ್ಲೇನು?" ಎಂದು ಕೇಳಿದ.

ನಾನು ಅರಳೆ ತೂಗುವ ಮನುಷ್ಯ. ನರಗುಂದದ ಪೇಟೆಯಲ್ಲಿ ಇಂಥ ತಕ್ಕಡಿ ಹಿಡಿದರೆ ಹಿಡಿದವನ ಬೆನ್ನು ಮುರಿಯುತ್ತಾರೆ. ಆದರೆ ಬಂತು, ಪೂರಾ ನಂಬಿಕೆ ಬಂತು. ಆ ತಕ್ಕಡಿ ನಮ್ಮ ಮನೆಯಲ್ಲೇ ಇದೆ. ಗಂಡನ ಮನೆಗೆ ಹೋದ ಮೂವರು ಹೆಣ್ಣುಮಕ್ಕಳನ್ನು ಹಿಡಿದು ನಮ್ಮವ್ವನಿಗೆ ಮಕ್ಕಳು ನಾವು ಐವರು. ಎಲ್ಲರನ್ನೂ ಕೂಡಿಸಿ ಇಟ್ಟರೆ ಎಷ್ಟೋ, ಯಲ್ಲಪ್ಪ ಒಬ್ಬನನ್ನೇ ಇಟ್ಟರೂ ಅಷ್ಟೇ.

ಪ್ರಸಾದ

ಅಂದು ದೊನಾತೊನ ಅಂಗಡಿಯ ಹಿಂದಿನ ಕೋಣೆಯಲ್ಲೇ ಉಳಿದೆ. ಮಲಗಿದಲ್ಲಿ ಒಂದು ವಿಚಾರ ಹೊಳೆಯಿತು. ಸಾವಿರ ವರ್ಷ ಕೆಡದ ರೊಟ್ಟಿಯ ಊರಿನ ಪ್ರಸಾದ ಒಯ್ದು ಅವ್ವನ ಕೈಯಲ್ಲಿಟ್ಟರೆ ಹೇಗೆ? ಸವದತ್ತಿಯ ಎಲ್ಲಮ್ಮನ ಭಂಡಾರ ಹಣೆಗೆ ಹಚ್ಚದೆ ನೀರು ಕುಡಿಯದ ಹೆಂಗಸು. ಯಾವ ದೇವರ ಪ್ರಸಾದವಾದರೂ ಕಣ್ಣಿಗೆ ಒತ್ತಿಕೊಳ್ಳುವವಳು. ಯಲ್ಲಪ್ಪ ಇಟಲಿಗೆ ಹೋಗಿಯೂ ಏನೂ ತರಲಿಲ್ಲ; ಹಣಮಂತ ಪ್ರಸಾದ ತಂದ ಎಂದು ಒಮ್ಮೆಯಾದರೂ ಊರಲ್ಲಿ ಹೇಳಿಯಾಳು.

ಮುಂಜಾನೆ ಮಿಂದು, ಧೋತರ ಉಟ್ಟು ಗುಡಿಗೆ ಹೋದೆ. ದೊನಾತೊ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಗಂಟೆ ಬಾರಿಸಿತು, ಜನ ಎದ್ದು ಮುಂದಿನ ಕಟಕಟೆಯ ಬಳಿ ಸಾಲಾಗಿ ಮೊಣಕಾಲೂರಿದರು. ಪಂಕ್ತಿ ಕೂತಿತು ಎಂದು ತಿಳಿದು ನಾನೂ ಹೋಗಿ ಕೂತೆ. ಪಾದ್ರಿ ಒಬ್ಬೊಬ್ಬರ ನಾಲಿಗೆಯ ಮೇಲೆ ಬಿಲ್ಲೆ ಇಡುತ್ತ ಬಂದ. ನಾಲಿಗೆಯ ಮೇಲೆ ಇಟ್ಟರೆ ಊರಿಗೆ ಒಯ್ಯುವುದು ಹೇಗೆ? ನಾನು ನಮ್ಮ ಪದ್ಧತಿಯಂತೆ ಎಡಗೈ ಮೇಲೆ ಬಲಗೈ ಇಟ್ಟು ಬೊಗಸೆ ಒಡ್ಡಿದೆ. ಕಟ್ಟಿಕೊಳ್ಳಲು ಧೋತರದ ಚುಂಗನ್ನೂ ಬಿಚ್ಚಿ ಸಿದ್ಧ ಇಟ್ಟಿದ್ದೆ.

ಪಾದ್ರಿ ನಿಂತ. ನನ್ನ ಕೈ ನೋಡಿದ, ಚುಂಗು ನೋಡಿದ. ಏನೋ ಮೆಲ್ಲಗೆ ಕೇಳಿದ. ನಾನು "ಅವ್ವಗ ಬೇಕ್ರಿ," ಎಂದು ಕನ್ನಡದಲ್ಲೇ ಹೇಳಿ ಕೈಯನ್ನು ಇನ್ನಷ್ಟು ಎತ್ತಿದೆ. ಅವನು ತಲೆಯಲ್ಲಾಡಿಸಿ ಮುಂದಿನವಳ ಬಳಿ ಹೋದ. ನಾನು ಎದ್ದು ಸಾಲಿನ ಕೊನೆಗೆ ಹೋಗಿ ಮತ್ತೆ ಕೂತೆ. ಬಡಿಸುವವನು ಮರೆತರೆ ನಮ್ಮಲ್ಲಿ ಹಾಗೇ ಮಾಡುವುದು. ಅಷ್ಟರಲ್ಲಿ ದೊನಾತೊ ಓಡಿ ಬಂದು ಕೊರಳಪಟ್ಟಿ ಹಿಡಿದು ನನ್ನನ್ನು ಹೊರಗೆ ತಂದ.

"ಹುಚ್ಚಾ! ಅದನ್ನ ಮನಿಗೆ ಒಯ್ಯೂದಲ್ಲ. ನಮ್ಮ ದೀಕ್ಷೆ ಆದವರಿಗೆ, ಪಾದ್ರಿ ಮುಂದ ಪಾಪ ಹೇಳಿಕೊಂಡು ಉಪವಾಸ ಇದ್ದವರಿಗೆ ಅಷ್ಟ ಅದು."

"ಪ್ರಸಾದ ಕೇಳಿದವಗ ಇಲ್ಲ ಅಂತಾರೇನು? ಎಂಥಾ ದೇವರಪ್ಪಾ ನಿಮ್ಮಾಂವ!"

ಸಿಟ್ಟಿನಲ್ಲಿ ಅಂದೆ. ಆಮೇಲೆ ನಮ್ಮ ಗುಡಿಗಳಲ್ಲಿ ಒಳಗೆ ಬಿಡದ ಕಾರಣ ಹೊಸ್ತಿಲಾಚೆ ನಿಂತು ಕೈಯೊಡ್ಡುವವರ ನೆನಪಾಗಿ ಸಿಟ್ಟು ಅರ್ಧಕ್ಕಿಳಿಯಿತು. ಹೊಟ್ಟೆಕಿಚ್ಚು ಇಳಿಯಲಿಲ್ಲ. ಏಳು ಸಮುದ್ರ ದಾಟಿ ಬಂದರೂ ಮೀಸಲು ಬೇರೆಯವರಿಗೇ.

ದೊನಾತೊನ ಮನೆ

ನನ್ನ ಸಪ್ಪೆ ಮೋರೆ ನೋಡಲಾರದೆ ಅವನು ಊಟಕ್ಕೆ ಮನೆಗೆ ಕರೆದ. ಬಾಗಿಲಲ್ಲಿ ಅವನ ತಾಯಿ, ಕಪ್ಪು ಸೆರಗಿನಂಥ ವಸ್ತ್ರ ತಲೆಗೆ ಕಟ್ಟಿದ ಮುದುಕಿ. ಹಿಂದುಸ್ತಾನದವನು ಎಂದು ಕೇಳಿದ್ದೇ ತಡ, ನನ್ನ ಎರಡೂ ಕೈ ಹಿಡಿದು ಮುತ್ತಿಟ್ಟಳು. ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ.

"ನಿಮ್ಮ ದೇಶದ ಅನ್ನ ತಿಂದು ನನ್ನ ಮಗ ಜೀವಂತ ಬಂದ ಅಂತಾಳ," ಎಂದು ದೊನಾತೊ ನಾಚಿಕೊಂಡು ಹೇಳಿದ.

ಅವರೆಕಾಳಿನಂಥ ಕಾಳಿನ ಸಾರು, ದಪ್ಪ ರೊಟ್ಟಿ. ತಿನ್ನುತ್ತಿದ್ದಂತೆ ಗೋಡೆಯ ಮೇಲಿದ್ದ ಮೇರಿಯಮ್ಮನ ಪಟ ತೋರಿಸಿ ಮುದುಕಿ ತನ್ನ ಕಥೆ ಹೇಳಿದಳು. ಮಗನ ಸುದ್ದಿ ನಿಂತಾಗ ಅವಳು ಆ ಪಟದ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟಳಂತೆ. 'ನನ್ನ ಮಗನನ್ನು ತೋರಿಸುವವರೆಗೆ ನಿನ್ನ ಮಾರಿ ನೋಡುವುದಿಲ್ಲ' ಎಂದು ದೇವರಿಗೇ ಶಿಕ್ಷೆ. ಮಗ ಬಾಗಿಲಲ್ಲಿ ಬಂದು ನಿಂತ ದಿನ ಪಟ ತಿರುಗಿಸಿ, ಧೂಳು ಒರೆಸಿದಳಂತೆ. ಹೇಳುತ್ತ ನಕ್ಕಳು, ದೊನಾತೊನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಆ ಗುದ್ದು ನೋಡಿ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಮ್ಮ ನಾಡಿಗೆ ಬಂದ ಇವಳ ಮಗ ತಿರುಗಿ ಹೋದ. ಇವಳ ನಾಡಿಗೆ ಬಂದ ನಮ್ಮವ್ವನ ಮಗ ತಿರುಗಿ ಬರಲಿಲ್ಲ. ನಮ್ಮವ್ವನೂ ಎಲ್ಲಮ್ಮನಿಗೆ ಕಡಿಮೆ ಬೈದಿರಲಿಲ್ಲ. ಹುಟ್ಟಿದಾಗಿನಿಂದ ಅಣ್ಣನ ಮೇಲೆ ಕಿಚ್ಚುಪಟ್ಟವನು ನಾನು. ಅಂದು ಆ ಮುದುಕಿಯ ಮೇಲೆ ಪಟ್ಟ ಕಿಚ್ಚಿನ ಮುಂದೆ ಅದು ಏನೂ ಅಲ್ಲ. ಅದು ನನ್ನ ಸಲುವಾಗಿ ಪಟ್ಟದ್ದಲ್ಲ, ಅವ್ವನ ಸಲುವಾಗಿ.

"ನಿನ್ನ ತಾಯಿ ಹ್ಯಾಂಗ ಅದಾಳ?" ಎಂದು ಮುದುಕಿ ಕೇಳಿಸಿದಳು.

"ಇನ್ನೂ ಅತ್ತಿಲ್ಲ ಅಂತ ಹೇಳು," ಎಂದೆ.

ದೊನಾತೊ ಹೇಳಿದನೋ ಇಲ್ಲವೋ ತಿಳಿಯಲಿಲ್ಲ. ಮುದುಕಿ ಎದ್ದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಸಾಂಗ್ರೊ

ಊಟವಾದ ಮೇಲೆ ದೊನಾತೊನ ಸಂಗಡ ಹೊಳೆಗೆ ಇಳಿದೆ. ಸಾಂಗ್ರೊ ನಮ್ಮ ಮಲಪ್ರಭೆಗಿಂತ ಏನೂ ದೊಡ್ಡದಲ್ಲ. ಅಗಲವಾದ ಪಾತ್ರ, ತುಂಬ ಉರುಟು ಕಲ್ಲು, ನಡುವೆ ತೆಳ್ಳಗೆ ನೀರು. ಮಳೆ ಬಿದ್ದರೆ ಮಾತ್ರ ಸೇತುವೆ ಕಿತ್ತುಕೊಂಡು ಹೋಗುತ್ತದಂತೆ. ಆ ಯುದ್ಧದ ವರ್ಷವೂ ಹಾಗೇ ಆಯಿತಂತೆ. ಕೊಣ್ಣೂರಿನ ಸೇತುವೆ ಮುಳುಗಿದಾಗಲೂ ಈಜಿ ಆಚೆ ದಂಡೆಯ ಗೆಳೆಯನಿಗೆ ತಂಬಾಕು ಕೊಟ್ಟು ಬರುತ್ತಿದ್ದ ಅಣ್ಣನಿಗೆ ಸಾಯಲು ಇಂಥ ಹೊಳೆಯೇ ಬೇಕಾಗಿತ್ತೇ?

ಹೊಳೆಯೂ ಸಮುದ್ರವೂ ಕಾಣುವ ದಿನ್ನೆಯ ಮೇಲೆ ಸತ್ತ ಸಿಪಾಯಿಗಳ ಜಾಗ. ಬಿಳಿ ಕಲ್ಲುಗಳ ಸಾಲು, ಕತ್ತರಿಸಿದ ಹುಲ್ಲು. ಬೆಂಕಿಗೆ ಕೊಟ್ಟ ನಮ್ಮವರಿಗೆ ಗೋರಿಯಿಲ್ಲ. ಅವರ ಹೆಸರು ಕೆತ್ತಿದ ಫಲಕಗಳು ಬೇರೆ ಇವೆ. ದೊನಾತೊ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಹುಡುಕಿದೆವು. ಸಿಗದಿರಲಿ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. ಹೀಗೆ ಬೇಡಿದ್ದು ನನಗೇ ಸೋಜಿಗ. ಇಷ್ಟು ವರ್ಷ ಅವನು ಸತ್ತದ್ದು ಖರೇ ಎಂದು ಅವ್ವನ ಮುಂದೆ ವಾದ ಮಾಡಿದವನು ನಾನೇ.

ಸಿಕ್ಕಿತು. ಬೆರಳು ಆಡಿಸಿದೆ. ಅಕ್ಷರದ ಗೆರೆಗಳು ಬಿಸಿಲಿಗೆ ಬೆಚ್ಚಗಿದ್ದವು. ನಾನು ಸತ್ತರೆ ನನ್ನ ಹೆಸರನ್ನು ಯಾರೂ ಇಷ್ಟು ಚಂದ ಕೆತ್ತಿಸುವುದಿಲ್ಲ ಎಂಬ ಯೋಚನೆ ಅಲ್ಲಿಯೂ ಬಂತು. ಬಂದ ಕೂಡಲೇ ಅಳುವೂ ಬಂತು. ಅವ್ವ ಅಳಬೇಕಾದದ್ದನ್ನು ಸಹ ನಾನೇ ಅತ್ತೆನೋ ಏನೋ, ಬಹಳ ಹೊತ್ತು ನಿಲ್ಲಲಿಲ್ಲ. ದೊನಾತೊ ದೂರ ಹೋಗಿ ಬೀಡಿಯಂಥದೇನನ್ನೋ ಸೇದುತ್ತ ನಿಂತ.

ಗಂಟು ಬಿಚ್ಚಿ ರೊಟ್ಟಿಯನ್ನು ಫಲಕದ ಬುಡಕ್ಕಿಟ್ಟೆ. ಮುಂಬಯಿ, ಜಿನೋವಾ, ಸಾಹುಕಾರರು, ಎಲ್ಲರನ್ನೂ ದಾಟಿ ಅದು ಮುಕ್ಕಾಗದೆ ಬಂದಿತ್ತು. "ತಿನ್ನಪಾ," ಎಂದೆ. ಗಾಳಿ ಬೀಸಿತು. ಒಂದು ಇರುವೆ ಬಂತು, ಇನ್ನೊಂದು ಬಂತು.

ಮೀಸಲನ್ನು ಹಾಗೇ ಬಿಟ್ಟು ಬರುವ ಪದ್ಧತಿ ನಮ್ಮಲ್ಲಿಲ್ಲ, ಯಾರಾದರೂ ತಿನ್ನಲೇಬೇಕು. ಊರಲ್ಲಾದರೆ ಎತ್ತಿತ್ತು. ಇಲ್ಲಿ ನಾನಿದ್ದೆ. ಇರುವೆ ಕೊಡವಿ, ರೊಟ್ಟಿ ಮುರಿದು ಬಾಯಿಗಿಟ್ಟೆ. ಇಷ್ಟು ವರ್ಷ ಆಸೆಪಟ್ಟ ಮೊದಲ ರೊಟ್ಟಿ. ಅದು ಎರಡನೆಯದರಂತೆಯೇ ಇತ್ತು. ಎಳ್ಳು ಹಲ್ಲಿಗೆ ಸಿಕ್ಕಿತು.

ದೊನಾತೊ ಯಾವಾಗ ಬಂದು ಪಕ್ಕದಲ್ಲಿ ಮೊಣಕಾಲೂರಿದನೋ ನೋಡಲಿಲ್ಲ. ಎಡಗೈ ಮೇಲೆ ಬಲಗೈ ಇಟ್ಟು ನನ್ನ ಮುಂದೆ ಬೊಗಸೆ ಒಡ್ಡಿದ್ದ, ಮುಂಜಾನೆ ಗುಡಿಯಲ್ಲಿ ನಾನು ಒಡ್ಡಿದ ಹಾಗೆಯೇ. ಚೇಷ್ಟೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಚೇಷ್ಟೆ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಕೊಡಬಾರದು ಎಂದು ಒಂದು ಕ್ಷಣ ಅನ್ನಿಸಿತು. ಬದುಕಿ ಬಂದವನು ಇವನು. ಇವನ ತಾಯಿಗೆ ಇವನು ಸಿಕ್ಕಿದ್ದಾನೆ. ಅಣ್ಣನ ರೊಟ್ಟಿಯೂ ಇವನಿಗೆ ಬೇಕೇ? ಆದರೆ ಪ್ರಸಾದ ಕೇಳಿದವನಿಗೆ ಇಲ್ಲ ಅಂತಾರೇನು ಎಂದು ಗುಡಿಯ ಬಾಗಿಲಲ್ಲಿ ಕೂಗಾಡಿದವನು ನಾನೇ ಅಲ್ಲವೇ? ಮುರಿದು ಕೊಟ್ಟೆ. ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ತಿಂದ.

"ಗಟ್ಟಿ ಐತಿ," ಎಂದ.

"ಖಡಕ್," ಎಂದೆ.

ಮತ್ತೆ ಕೊಣ್ಣೂರು

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಕೂತಿದ್ದಳು. ನೀರು ಕೊಡಲಿಲ್ಲ, ಹೇಗಿದ್ದೀ ಎನ್ನಲಿಲ್ಲ. ನನ್ನ ಮೋರೆಯನ್ನೇ ನೋಡಿದಳು.

"ಇಲ್ಲವ್ವಾ," ಎಂದೆ.

"ಕಣ್ಣಿಲೆ ನೋಡಿದೇನು?"

"ಹೆಸರ ಕೆತ್ತ್ಯಾರ. ಕೈ ಮುಟ್ಟಿ ನೋಡೀನಿ."

"ಪೂರಾ ಹೆಸರೇನು?"

"ಪೂರಾ."

ಅವಳು ಸೆರಗು ಬಾಯಿಗೊತ್ತಿ ಅತ್ತಳು. ಇಷ್ಟು ವರ್ಷ ಕಟ್ಟಿಟ್ಟದ್ದು ಒಮ್ಮೆಲೇ ಒಡೆಯಿತು. ನೆರೆಮನೆಯ ಹೆಂಗಸರು ಓಡಿ ಬಂದರು. ನಾನು ಬದಿಗೆ ಕೂತು ಬೆನ್ನು ಸವರುತ್ತಿದ್ದೆ. ಕಡೆಗೆ ಕಣ್ಣೊರೆಸಿಕೊಂಡು ಕೇಳಿದಳು:

"ರೊಟ್ಟಿ?"

ತಿಂದ ಎಂದು ಹೇಳಿಬಿಡು ಎಂದ ಸಾಹುಕಾರರ ಮಾತು ನೆನಪಾಯಿತು. ನೀ ಹೇಳಿದರೆ ನಂಬುತ್ತೇನೆ ಎಂದ ಅವ್ವನ ಮಾತೂ ನೆನಪಾಯಿತು.

"ಅವನ ಮುಂದ ಇಟ್ಟೆ. ಆಮ್ಯಾಲೆ ನಾ ತಿಂದೆ. ಅಲ್ಲಿಯವ ಒಬ್ಬಾಂವ ಕೈ ಒಡ್ಡಿದ, ಅವಗೂ ಕೊಟ್ಟೆ."

ಅವ್ವ ಒಲೆಯ ಕಟ್ಟಿಗೆಯನ್ನು ಮುಂದಕ್ಕೆ ಸರಿಸಿದಳು.

"ಎಳ್ಳು ಉದುರಿರಲಿಲ್ಲಲ್ಲಾ?"

"ಇಲ್ಲ. ಎಲ್ಲಾ ಇದ್ವು."

ಮರುದಿನ ಮುಂಜಾನೆ ಎಂದಿನಂತೆ ಎಳ್ಳು ಹಚ್ಚಿ ಮೊದಲ ರೊಟ್ಟಿ ಬಡಿದಳು. ಬೇಯಿಸಿ ಇಳಿಸಿದಳು. ಇನ್ನೂ ಗೂಡಿಗೆ ಇಡುತ್ತಾಳಲ್ಲ ಎಂದು ನನ್ನ ಹಳೆಯ ಕಿಚ್ಚು ತಲೆಯೆತ್ತುವಷ್ಟರಲ್ಲಿ ಬಿಸಿ ರೊಟ್ಟಿಯನ್ನು ನಡುವೆ ಮುರಿದಳು. ಒಂದು ಪಾಲು ಗೂಡಿಗೆ ಹೋಯಿತು. ಇನ್ನೊಂದು ನನ್ನ ತಾಟಿಗೆ ಬಂತು. ಯಾವ ಪಾಲು ದೊಡ್ಡದೆಂದು ನಾನು ಕಣ್ಣಳತೆ ಮಾಡಿದೆ; ಗೂಡಿನದೇ ದೊಡ್ಡದಿತ್ತು.

"ತಿನ್ನು ಹಣಮಂತಾ. ನಿನಗೂ ಎಳ್ಳು ಸೇರ್ತಾವು," ಎಂದಳು ಅವ್ವ.

ಅಂದಿನಿಂದ ದಿನಾ ತಿನ್ನುತ್ತಿದ್ದೇನೆ. ಸೇರುವುದಿಲ್ಲ ಎಂದು ಅವಳಿಗೆ ಇನ್ನೂ ಹೇಳಿಲ್ಲ.